ಜಗಲಿಯಲ್ಲಿ ಉಳಿದ ಕೊಡೆಗಳು

ಅಮ್ಮ ಹೋಗಿ ಇವತ್ತಿಗೆ ಹದಿನಾರು ದಿನ. ವೈಕುಂಠ ಸಮಾರಾಧನೆ ಮುಗಿಯಿತು, ಶಾಮಿಯಾನ ಇಳಿಸಿಯೂ ಆಯಿತು. ಒಬ್ಬೊಬ್ಬರ ಮನೆಗೂ ಹೋಗಿ ಕೃತಜ್ಞತೆ ಹೇಳಬೇಕಿತ್ತು. ಸಾಗರದ ಈ ಮಳೆಯಲ್ಲಿ ಅದು ಆಗುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"91 ವರ್ಷ, ತುಂಬು ಜೀವನ, ಅಳಬಾರದು" ಎಂದು ಸುಮಾರು ಜನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಆದರೆ ವರ್ಷ ಜಾಸ್ತಿಯಾದಷ್ಟೂ ರೂಢಿಯೂ ಜಾಸ್ತಿ, ಅಲ್ವಾ? ರಾತ್ರಿ ಬಚ್ಚಲಿನ ದೀಪ ಆರಿಸಲು ನನಗಿನ್ನೂ ಕೈ ಬರುತ್ತಿಲ್ಲ.

ಕಣ್ಣು ದಾನ ಮಾಡಬೇಕೆಂದು ಅಮ್ಮ ಹೇಳಿಟ್ಟಿದ್ದಳು. ಉಸಿರು ನಿಂತ ಆರು ಗಂಟೆಯೊಳಗೆ ತೆಗೆಯಬೇಕು. ನಾವು ಮಕ್ಕಳು ಸುಮ್ನೆ ಅಳುತ್ತಾ ಕೂತಿದ್ದಾಗ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿದ್ದು ಪಕ್ಕದ ಮನೆಯವರು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟಿದ್ದು ಅವರ ಸೊಸೆ. ಶಿವಮೊಗ್ಗದಿಂದ 70 ಕಿಲೋಮೀಟರ್ ಚಿಲ್ಲರೆ ದಾರಿ, ಜಡಿಮಳೆ, ರಾತ್ರಿ ಎರಡು ಗಂಟೆ. ಕಣ್ಣಿನ ಬ್ಯಾಂಕಿನಿಂದ ಬಂದ ಇಬ್ಬರು ಜಗಲಿಯಲ್ಲಿ ಕಾಲು ಒರೆಸಿಕೊಂಡೇ ಒಳಗೆ ಬಂದರು. "ಈ ವಯಸ್ಸಿನ ಕಣ್ಣು ಆಗ್ತದಾ?" ಎಂದೆ. ವಯಸ್ಸು ಅಡ್ಡಿಯಲ್ಲ, ಪೊರೆ ಆಪರೇಷನ್ ಆಗಿದ್ದರೂ ಅಡ್ಡಿಯಲ್ಲ ಎಂದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೊರಟರು. ಅಮ್ಮನ ಮುಖ ಇದ್ದ ಹಾಗೇ ಇತ್ತು. ಆ ಇಬ್ಬರಿಗೆ ಒಂದು ಲೋಟ ಬಿಸಿನೀರೂ ಕೊಡಲಿಲ್ಲ. ಅಮ್ಮ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದಳು.

ಮಾರನೆಯ ದಿನ ಬಂದವರಲ್ಲಿ ಅರ್ಧ ಜನ ನನಗೆ ಪರಿಚಯವೇ ಇಲ್ಲ. ಒಬ್ಬರು ಎಡಗೈ ಕಿರುಬೆರಳು ತೋರಿಸಿ ನಕ್ಕರು. "ಹುಲ್ಲಿನ ಗೊಣಬೆ ಹಿಂದೆ ಅಡಗಿದ್ದೆ, ನಿಮ್ಮಮ್ಮ ಎಳೆದು ತಂದು ಹನಿ ಹಾಕಿದರು" ಎಂದರು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಅಮ್ಮನಿಗೆ 60 ದಾಟಿತ್ತು. ಅಲ್ಲಿಂದ ಪೋಲಿಯೊ ಭಾನುವಾರ ಎಂದರೆ ಅವಳು ಮನೆಯಲ್ಲಿ ಇಲ್ಲ. ಅವಳ ನೋಟ್‌ಬುಕ್ ಈಗ ನನ್ನ ಮುಂದಿದೆ. ಮನೆ ಮನೆ ಲೆಕ್ಕ, ಮಕ್ಕಳ ವಯಸ್ಸು. ಒಂದು ಕಡೆ, "ಅಜ್ಜನಮನೆಗೆ ಹೋಗಿದೆ, ಮಂಗಳವಾರ ನೋಡುವುದು." ಪಕ್ಕದಲ್ಲಿ ಬೇರೆ ಇಂಕಿನಲ್ಲಿ, "ನೋಡಿ ಆಯಿತು."

ಭಾರತಕ್ಕೆ ಪೋಲಿಯೊಮುಕ್ತ ಎಂಬ ಸರ್ಟಿಫಿಕೇಟ್ ಸಿಕ್ಕಿದ್ದು 2014ರ ಮಾರ್ಚ್ 27ಕ್ಕೆ. ಪೇಪರ್ ಓದಿ ಹೇಳಿದೆ. "ಹಾಗಂತ ಹನಿ ಹಾಕೋದು ಬಿಡ್ತಾರಂತಾ?" ಎಂದು ಕೇಳಿದಳು. ಇಲ್ಲ ಎಂದೆ. ಸರಿ ಎಂದು ಮತ್ತೆ ಅಪ್ಪೆಮಿಡಿ ಒರೆಸುತ್ತಾ ಕೂತಳು.

ನಮಗೆ ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ನನ್ನ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ದಿನ ಅಮ್ಮ ಯಾರನ್ನೋ ಹೆರಿಗೆಗೆ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದಳು. ನಾನು ನಿನ್ನೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡು ಹೋದೆ. ವರ್ಷಗಟ್ಟಲೆ ಆಡಿ ತೋರಿಸಿದ್ದೇನೆ. ಹನ್ನೊಂದನೇ ದಿನ ನಮ್ಮ ಮನೆಯ ದೊಡ್ಡ ಪಾತ್ರೆಗಳನ್ನೆಲ್ಲ ಒಬ್ಬಳೇ ತಿಕ್ಕಿದ ಹೆಂಗಸು, ಅವತ್ತು ಹುಟ್ಟಿದವಳು ತಾನೇ ಎಂದಳು. ಏನು ಹೇಳಬೇಕೋ ತೋಚದೆ ಬೂದಿ ತಂದುಕೊಟ್ಟೆ.

ಅಡುಗೆಗೆ ಕೈಹಾಕಿದವರಿಗೆ, ಬಾಳೆಲೆ ಕಳಿಸಿದವರಿಗೆ, ಮಳೆಯಲ್ಲಿ ಸೌದೆ ಒಣಗಿಸಿ ಕೊಟ್ಟವರಿಗೆ ನಾವು ಋಣಿಗಳು.

ಜಗಲಿಯಲ್ಲಿ ಆರು ಕೊಡೆ, ಒಂದು ಫ್ಲಾಸ್ಕ್ ಉಳಿದಿವೆ. ಫ್ಲಾಸ್ಕ್ ತಳದಲ್ಲಿ ಕೆಂಪು ಬಣ್ಣದ ಗುರುತಿದೆ. ತೆಗೆದುಕೊಂಡು ಹೋಗಲು ಬನ್ನಿ. ಬಂದವರು ಕೂತು ಕಷಾಯ ಕುಡಿದೇ ಹೋಗಬೇಕು.