ಆಗಮನ ಕಾಲ ಮತ್ತು ಅಂಗಡಿಯ ಕ್ರಿಸ್‌ಮಸ್

ಮಾನ್ಯ ಸಂಪಾದಕರೇ,

ನವೆಂಬರ್ ಮುಗಿಯುವ ಮೊದಲೇ ಬಾಂದ್ರಾದ ಹಿಲ್ ರೋಡಿನ ಅಂಗಡಿಗಳಲ್ಲಿ ನಕ್ಷತ್ರದೀಪಗಳೂ ಸಾಂತಾಕ್ಲಾಸ್ ಟೊಪ್ಪಿಗೆಗಳೂ ತೂಗಾಡತೊಡಗುತ್ತವೆ. ಇದರಿಂದ ಎಷ್ಟೋ ಸಣ್ಣ ವ್ಯಾಪಾರಿಗಳ ಸಂಸಾರ ನಡೆಯುತ್ತದೆಯಾದ್ದರಿಂದ ಅವರ ಮೇಲೆ ನನಗೆ ದೂರಿಲ್ಲ; ದೂರು ಇರುವುದು ಕ್ರೈಸ್ತರಾದ ನಮ್ಮ ಮೇಲೆಯೇ.

ಡಿಸೆಂಬರ್ 25ಕ್ಕೆ ಮೊದಲಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲವು ಪ್ರಾರ್ಥನೆಗೂ ಮನಪರಿವರ್ತನೆಗೂ ಮೀಸಲಾದದ್ದು. ಚರ್ಚಿನ ಗುರುಗಳು ಬಲಿಪೂಜೆಯಲ್ಲಿ (ಮಾಸ್‌ನಲ್ಲಿ) ನೇರಳೆ ಬಣ್ಣದ ಉಡುಪು ಧರಿಸುವುದೂ ಅದಕ್ಕಾಗಿಯೇ. ಆ ದಿನಗಳನ್ನೆಲ್ಲ ಖರೀದಿಯಲ್ಲಿ, ಪಾರ್ಟಿಗಳಲ್ಲಿ ಕಳೆದು 26ರಂದೇ ನಕ್ಷತ್ರ ಇಳಿಸುವವರಿಗೆ, ಹಬ್ಬದ ಕಾಲ ಆರಂಭವಾಗುವುದೇ ಕ್ರಿಸ್ತಜಯಂತಿಯಂದು, ಅದು ಜನವರಿಯಲ್ಲಿ ಬರುವ ಮೂವರು ಜ್ಞಾನಿಗಳ ಹಬ್ಬದವರೆಗೂ ಮುಂದುವರಿಯುತ್ತದೆ ಎಂಬುದನ್ನು ನೆನಪಿಸುವವರು ಯಾರು?

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ, ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವಾದ ಗೋದಲಿಯನ್ನು ಸಜ್ಜುಗೊಳಿಸಿದ್ದು ಬಾಲಯೇಸುವಿನ ಬಡತನವನ್ನು ಜನರ ಕಣ್ಣಿಗೆ ಕಾಣಿಸಲೆಂದು. ಇಂದು ಅನೇಕ ಕಡೆ ಗೋದಲಿಯೆಂದರೆ ಬಹುಮಾನದ ಸ್ಪರ್ಧೆ. (ವಿದ್ಯುದ್ದೀಪಗಳ ನಡುವೆ ಬಾಲಯೇಸುವನ್ನು ಹುಡುಕಬೇಕಾದ ಗೋದಲಿಗಳನ್ನೂ ನೋಡಿದ್ದೇನೆ.)

ಕರಾವಳಿಯಿಂದ ಬಂದ ನಮ್ಮ ಕುಟುಂಬಗಳು ಅನ್ಯಧರ್ಮೀಯ ನೆರೆಹೊರೆಯವರಿಗೂ ಕುಸ್ವಾರ್ (ಕ್ರಿಸ್‌ಮಸ್ ತಿಂಡಿತಿನಿಸು) ಹಂಚುವ ರೂಢಿಯನ್ನು ಇಲ್ಲಿಯೂ ಉಳಿಸಿಕೊಂಡಿರುವುದು ಸಂತೋಷದ ಸಂಗತಿ. ಅದರ ಜೊತೆಗೆ, ಯೇಸುವಿನ ಜನನದ ವೇಳೆ ಛತ್ರದಲ್ಲಿ ಸ್ಥಳ ಸಿಗದ ಮರಿಯ-ಜೋಸೆಫ್ ದಂಪತಿಯ ಕಥೆಯನ್ನು ಪ್ರತಿವರ್ಷ ಕೇಳುವ ನಾವು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ದೂರದೂರುಗಳಿಂದ ಬಂದು ರಸ್ತೆಬದಿಯಲ್ಲಿ ತಂಗುವ ರೋಗಿಗಳ ಊಟ, ವಸತಿಗೆಂದು ಹಬ್ಬದ ಖರ್ಚಿನ ಒಂದು ಪಾಲನ್ನು ಆಗಮನ ಕಾಲದ ಮೊದಲ ಭಾನುವಾರವೇ ತೆಗೆದಿಡುವ ಪದ್ಧತಿಯನ್ನು ನಗರದ ಕನ್ನಡ ಕ್ರೈಸ್ತ ಸಮುದಾಯಗಳು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಬಾಂದ್ರಾ, ಮುಂಬಯಿ