ಹತ್ತು ಶೇಕಡಾ ಗೆರೆಯಡಿ ನುಸುಳುವ ಗೇಮ್ ಕಂಪನಿಗಳು: ದಕ್ಷಿಣ ಕನ್ನಡದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಸಂಸತ್ತಿನಲ್ಲಿ ಗೇಮಿಂಗ್ ಎಂದರೆ ರಮ್ಮಿಯ ಮಾತೇ ಬರುತ್ತದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬೆನ್ನು ಹತ್ತಿದ್ದೂ ಹಣ ಕಟ್ಟುವ ಆಟಗಳನ್ನೇ. ನಮ್ಮ ಅಹವಾಲು ಮಂಗಳೂರಿನ ಅಂಗಡಿಗಳಲ್ಲಿ ಮಾರಾಟವಾಗಿ, ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ದಾಟುವ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳದ್ದು. ಅವನ್ನು ಮಾಡುವ ಕಂಪನಿಗಳು ಕೈ ಬದಲಾಯಿಸಿದರೂ, ಮಾರುಕಟ್ಟೆಯ ಪೈಪೋಟಿ ಕಾಯುವ ನಮ್ಮ ಸ್ಪರ್ಧಾ ಆಯೋಗದ ಕಣ್ಣಿಗೆ ಬೀಳದೆ ಹೋಗಬಹುದು.

ಮೈಕ್ರೋಸಾಫ್ಟ್ 2021ರಲ್ಲಿ ಗೇಮ್ ಕಂಪನಿ ಬೆಥೆಸ್ಡಾದ ಮಾತೃಸಂಸ್ಥೆಯನ್ನು 750 ಕೋಟಿ ಡಾಲರಿಗೆ ಕೊಂಡಿತು. 2023ರಲ್ಲಿ ಬೆಥೆಸ್ಡಾದ ಸ್ಟಾರ್‌ಫೀಲ್ಡ್ ಬಂದಾಗ ಮೈಕ್ರೋಸಾಫ್ಟ್‌ನದೇ ಕನ್ಸೋಲ್ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಮಾತ್ರ ಸಿಕ್ಕಿತು. ಸೋನಿಯ ಪ್ಲೇಸ್ಟೇಷನ್ ಕೊಂಡವರು ನೋಡುತ್ತಾ ಕೂತರು. ಸೋನಿಯೇನೂ ಸಾಚಾ ಅಲ್ಲ, ಸ್ಟುಡಿಯೊ ಕೊಳ್ಳುವುದರ ಜೊತೆಗೆ ಬರೀ ಒಪ್ಪಂದದಲ್ಲೂ ಆಟಗಳನ್ನು ಕಟ್ಟಿಹಾಕುತ್ತದೆ. ಈಚೆಗೆ ಮೈಕ್ರೋಸಾಫ್ಟ್ ತನ್ನ ಕೆಲವು ಆಟಗಳನ್ನು ಪ್ಲೇಸ್ಟೇಷನ್ 5ಕ್ಕೂ (ಪಿಎಸ್5) ಕೊಟ್ಟಿದೆ, ನಿಜ. ಆದರೆ ಅದು ಅವರ ಮರ್ಜಿ, ಯಾವ ಷರತ್ತೂ ಅಲ್ಲ.

ಷರತ್ತು ಹಾಕಿದವರೂ ಇದ್ದಾರೆ. ಮೈಕ್ರೋಸಾಫ್ಟ್ ಮಾಡಿದ 6,870 ಕೋಟಿ ಡಾಲರಿನ ಆಕ್ಟಿವಿಷನ್ ಬ್ಲಿಜಾರ್ಡ್ (ಕಾಲ್ ಆಫ್ ಡ್ಯೂಟಿ ಆಟದ ಕಂಪನಿ) ಖರೀದಿಗೆ ಯುರೋಪಿಯನ್ ಕಮಿಷನ್ ಒಪ್ಪಿದ್ದು, ಅಲ್ಲಿನ ಗ್ರಾಹಕರು ಕೊಂಡ ಆಟವನ್ನು ತಮಗೆ ಬೇಕಾದ ಕ್ಲೌಡ್ ಸೇವೆಯಲ್ಲಿ (ಆಟವನ್ನು ಇಳಿಸಿಕೊಳ್ಳದೆ ಇಂಟರ್ನೆಟ್ ಮೂಲಕವೇ ಆಡಿಸುವಂಥದ್ದು) ಆಡಲು 10 ವರ್ಷದ ಪರವಾನಗಿ ಬರೆಸಿಕೊಂಡ ಮೇಲೆ. ಬ್ರಿಟನ್ ಮೊದಲು ತಡೆಯಿತು. ಕ್ಲೌಡ್ ಹಕ್ಕುಗಳು 15 ವರ್ಷದ ಮಟ್ಟಿಗೆ ಇನ್ನೊಂದು ಗೇಮ್ ಕಂಪನಿ ಯೂಬಿಸಾಫ್ಟ್‌ಗೆ ಹೋದ ಮೇಲೆಯೇ ಬಿಟ್ಟಿತು. ಖರೀದಿ ಮುಗಿದಾಗ ಅಮೆರಿಕದಲ್ಲಿ ತಿಂಗಳಿಗೆ 16.99 ಡಾಲರ್ ಇದ್ದ ಮೈಕ್ರೋಸಾಫ್ಟ್‌ನ ಆಟಗಳ ಚಂದಾ ಸೇವೆ ಗೇಮ್ ಪಾಸ್ ಅಲ್ಟಿಮೇಟ್ ಎರಡೇ ವರ್ಷಕ್ಕೆ 29.99 ಆಯಿತು.

ಡಿಸ್ಕ್ ಕೊಂಡರೆ ಬಚಾವ್ ಎನ್ನುವಂತಿಲ್ಲ. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ. ಉಳಿದದ್ದೆಲ್ಲ ಸರ್ವರ್‌ನಿಂದ ಇಳಿಯಬೇಕು. ಸರ್ವರ್ ಯಾರದ್ದೋ ಆಟವೂ ಅವರದ್ದೇ.

ನಮ್ಮಲ್ಲಿ 2024ರ ಸೆಪ್ಟೆಂಬರ್ 10ರಿಂದ, ₹2,000 ಕೋಟಿ ಮೀರಿದ ವ್ಯವಹಾರಗಳನ್ನು ಸ್ಪರ್ಧಾ ಆಯೋಗಕ್ಕೆ ತಿಳಿಸಬೇಕೆಂಬ ನಿಯಮವಿದೆ. ತೊಡಕಿರುವುದು ಜೊತೆಗಿರುವ ಇನ್ನೊಂದು ಷರತ್ತಿನಲ್ಲಿ: ಮಾರಾಟವಾಗುವ ಕಂಪನಿಗೆ ಭಾರತದಲ್ಲಿ ‘ಗಣನೀಯ ವ್ಯವಹಾರ’ ಇರಬೇಕು. ಡಿಜಿಟಲ್ ಸೇವೆಯಾದರೆ ಜಗತ್ತಿನ ಒಟ್ಟು ಬಳಕೆದಾರರಲ್ಲೋ ವಹಿವಾಟಿನಲ್ಲೋ ಶೇ 10 ಇಲ್ಲಿಯದಾಗಿರಬೇಕು. ಮೊಬೈಲ್ ಆಟದ ಕಂಪನಿ ಈ ಗೆರೆ ದಾಟೀತು. ಕನ್ಸೋಲ್ ಆಟಗಳಲ್ಲಿ ಭಾರತದ ಪಾಲು ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಮೊತ್ತ ಎಷ್ಟೇ ದೊಡ್ಡದಿದ್ದರೂ ಈ ನಿಯಮದಡಿ ಕಡತ ದೆಹಲಿಗೆ ಬರಬೇಕಾಗಿಲ್ಲ.

ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೆ ಒಂದು ಚುಕ್ಕೆರಹಿತ (ಲಿಖಿತ ಉತ್ತರ ಸಿಗುವ) ಪ್ರಶ್ನೆ ಹಾಕಿ. 15 ದಿನ ಮೊದಲು ನೋಟಿಸ್ ಕೊಟ್ಟರೆ ಸಾಕು. ಈ ನಿಯಮ ಬಂದ ಮೇಲೆ ಗೇಮ್ ಕಂಪನಿಗಳ ಎಷ್ಟು ವಿಲೀನಗಳು ಆಯೋಗದ ಮುಂದೆ ಬಂದಿವೆ? 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ ಎಲೆಕ್ಟ್ರಾನಿಕ್ ಆರ್ಟ್ಸ್‌ನ 5,500 ಕೋಟಿ ಡಾಲರ್ ಖರೀದಿ ಅದರಲ್ಲಿದೆಯೇ? ಶೇ 10ರ ಗೆರೆ ಇಳಿಸುವ ಯೋಚನೆ ಇದೆಯೇ? ಆ ಗೆರೆ ಇರುವುದು ಆಯೋಗದ ನಿಯಮಾವಳಿಯಲ್ಲಿ. ಬದಲಿಸಲು ಕಾಯ್ದೆಗೆ ತಿದ್ದುಪಡಿಯೂ ಬೇಡ.

ಇಂತಿ,
ಮಂಗಳೂರು–ಉಡುಪಿಯ ಗೇಮ್ ಡೆವಲಪರ್‌ಗಳು, ಡಿಸ್ಕ್ ವ್ಯಾಪಾರಿಗಳು