ಸೀರಿಯಲ್ ಡಬ್ಬಿಯ ಸಣ್ಣ ಅಕ್ಷರಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ಆರನೇ ತರಗತಿಯ ವಿಜ್ಞಾನ ಪಾಠದಲ್ಲಿ ಕಾರ್ನ್ ಫ್ಲೇಕ್ಸನ್ನು ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕದಡಿ, ಗಾಜಿನ ಲೋಟದ ಹೊರಮೈಗೆ ಅಯಸ್ಕಾಂತ ಹಿಡಿದು ತೋರಿಸಲಾಯಿತು. ಸ್ವಲ್ಪ ಹೊತ್ತಿನಲ್ಲೇ ಅಯಸ್ಕಾಂತ ತಾಗಿದ ಜಾಗದಲ್ಲಿ ಬೂದುಗಪ್ಪು ಪುಡಿ ಬಂದು ಅಂಟಿಕೊಂಡಿತು. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ವಿವರಣೆ ಅರ್ಧಕ್ಕೇ ನಿಂತಿತು. ಮಕ್ಕಳು ಮನೆಗೆ ಬಂದು ತಿಂಡಿಯಲ್ಲಿ ಕಬ್ಬಿಣದ ಪುಡಿ ಇದೆ ಎಂದಾಗ ತಮಗೆ ಗಾಬರಿಯಾದದ್ದು ಸಹಜ. ಆ ಲೋಪ ನಮ್ಮದು. ಉಳಿದ ಅರ್ಧ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ನಿಜಕ್ಕೂ ಕಬ್ಬಿಣವೇ, ಬೇಕೆಂದೇ ಸೇರಿಸಿದ್ದು. ಜಠರದ ಆಮ್ಲದಲ್ಲಿ ಅದು ಕರಗಿ, ಅದರ ಒಂದು ಪಾಲು ರಕ್ತಕ್ಕೆ ಸೇರುತ್ತದೆ. ಮೆಕ್ಕೆಜೋಳದ ಹೊರಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ತೆಗೆದು, ಬೇಯಿಸಿ, ಚಪ್ಪಟೆ ಮಾಡಿ, ಹುರಿಯುವಾಗ ಕಾಳಿನ ಕಬ್ಬಿಣ ಮತ್ತು ಬಿ ಗುಂಪಿನ ವಿಟಮಿನ್‌ಗಳು ಬಹಳಷ್ಟು ಕಳೆದುಹೋಗುವುದರಿಂದ ತಯಾರಕರು ಅವನ್ನು ಹೊರಗಿನಿಂದ ತುಂಬುತ್ತಾರೆ. ಶಾಖ ತಾಳದ ವಿಟಮಿನ್‌ಗಳನ್ನು ಹುರಿದ ನಂತರ ಮೇಲೆ ಸಿಂಪಡಿಸುವುದು ರೂಢಿ. ಅವುಗಳಲ್ಲಿ ಕೆಲವು ಹಾಲಿಗೆ ಇಳಿಯುವ ಕಾರಣ, ಬಟ್ಟಲಿನ ತಳದಲ್ಲಿ ಉಳಿದ ಹಾಲನ್ನೂ ಮಕ್ಕಳು ಕುಡಿಯಲಿ.

ಪೋಷಕರೊಬ್ಬರು ಕಳುಹಿಸಿದ ಡಬ್ಬಿಯ ಫೋಟೊದಲ್ಲಿ ಮೂರು ಹೆಸರುಗಳಿಗೆ ಕೆಂಪು ಗೆರೆ ಎಳೆದಿತ್ತು. ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ ಎಂದರೆ ವಿಟಮಿನ್ ಬಿ6, ಥಯಾಮಿನ್ ಮೊನೊನೈಟ್ರೇಟ್ ಎಂದರೆ ಬಿ1, ಸಯನೋಕೋಬಾಲಮಿನ್ ಎಂದರೆ ಬಿ12. ಪಟ್ಟಿಯಲ್ಲಿ ಅತಿ ಭಯಾನಕವಾಗಿ ಕೇಳಿಸುವ ಹೆಸರುಗಳು ಎಷ್ಟೋ ಸಲ ವಿಟಮಿನ್‌ಗಳದ್ದೇ! ನಿಯಾಸಿನ್ (ಬಿ3) ಸೇರಿಸುವುದರ ಹಿಂದೆ ದೊಡ್ಡ ದುಃಖದ ಚರಿತ್ರೆಯೇ ಇದೆ. ಮೆಕ್ಕೆಜೋಳವೇ ಮುಖ್ಯ ಆಹಾರವಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ರೋಗದಿಂದ ಸಾವಿರಾರು ಜನ ಸತ್ತರು. 1914ರಿಂದ ಅದರ ಬೆನ್ನುಹತ್ತಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅದು ಸೋಂಕಲ್ಲ, ಆಹಾರದ ಕೊರತೆ ಎಂದು ತೋರಿಸಿದರು, ಮತ್ತು ಆ ಕೊರತೆ ನಿಕೋಟಿನಿಕ್ ಆಮ್ಲದ್ದೆಂದು 1937ರಲ್ಲಿ ಸ್ಪಷ್ಟವಾಯಿತು. ತಂಬಾಕಿನ ನಿಕೋಟಿನ್ ಎಂದು ಜನ ತಪ್ಪು ತಿಳಿಯಬಾರದೆಂದೇ ಅದಕ್ಕೆ ನಿಯಾಸಿನ್ ಎಂದು ಹೆಸರಿಟ್ಟರು.

ಬಿಎಚ್‌ಟಿ (ಇ 321) ವಿಟಮಿನ್ ಅಲ್ಲ; ಧಾನ್ಯದಲ್ಲಿರುವ ಎಣ್ಣೆಯ ಅಂಶ ಕಮಟು ಹಿಡಿಯದಂತೆ ತಡೆಯುವ ರಾಸಾಯನಿಕ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2012ರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.25 ಮಿಲಿಗ್ರಾಂ ಎಂಬ ಮಿತಿ ಹಾಕಿದೆ, ಅಂದರೆ 20 ಕಿಲೋ ತೂಗುವ ಮಗುವಿಗೆ 5 ಮಿಲಿಗ್ರಾಂ. ಬೇಡವೆನಿಸಿದವರು ಅದರ ಬದಲು ಟೊಕೊಫೆರಾಲ್, ಅಂದರೆ ವಿಟಮಿನ್ ಇ, ಬಳಸಿದ ಡಬ್ಬಿಯನ್ನು ಆರಿಸಿಕೊಳ್ಳಬಹುದು.

ಕೃತಕ ಬಣ್ಣಗಳ ವಿಷಯದಲ್ಲಿ ಮಾತ್ರ ನಾನು ಇಷ್ಟು ನಿರಾಳವಾಗಿಲ್ಲ. ಟಾರ್ಟ್ರಾಜಿನ್, ಅಲ್ಯೂರ ರೆಡ್ ಸೇರಿದಂತೆ ಆರು ಬಣ್ಣಗಳಲ್ಲಿ ಯಾವುದಾದರೊಂದು ಇರುವ ತಿನಿಸಿನ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಬೀರಬಹುದು ಎಂಬ ಎಚ್ಚರಿಕೆ ಮುದ್ರಿಸುವುದು ಯುರೋಪಿನ ಒಕ್ಕೂಟದಲ್ಲಿ 2010ರಿಂದ ಕಡ್ಡಾಯ. ಪರಿಣಾಮ ಎಲ್ಲ ಮಕ್ಕಳಲ್ಲೂ ಒಂದೇ ತೆರನಾಗಿರುವುದಿಲ್ಲ, ನಿಜ. ಆದರೆ ಪೋಷಣೆಗೆ ಯಾವ ಉಪಯೋಗಕ್ಕೂ ಬಾರದ ವಸ್ತುವನ್ನು ಬಿಡುವುದರಲ್ಲಿ ನಷ್ಟವೂ ಇಲ್ಲ.

ಇನ್ನು ಸಕ್ಕರೆ. ಈ ಪದಕ್ಕೆ ಮಾತ್ರ ಯಾರೂ ಕೆಂಪು ಗೆರೆ ಎಳೆದಿರಲಿಲ್ಲ, ಆ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನದಲ್ಲಿದ್ದರೂ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ ಎಂಬುದನ್ನು ಗಮನಿಸಿ. ನೂರು ಗ್ರಾಮಿಗೆ 35 ಗ್ರಾಂ ಸಕ್ಕರೆಯಿದ್ದರೆ 30 ಗ್ರಾಮಿನ ಒಂದು ಬಟ್ಟಲಿನಲ್ಲಿ ಎರಡೂವರೆ ಚಮಚೆಗೂ ಹೆಚ್ಚು ಸಕ್ಕರೆ ಇರುತ್ತದೆ, ಮತ್ತು ಮಕ್ಕಳು ತಾವೇ ಸುರಿದುಕೊಂಡರೆ ಬಟ್ಟಲು 30 ಗ್ರಾಮಿಗೆ ನಿಲ್ಲುವುದು ಅಪರೂಪ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದ ಎಂಟು ವಿಟಮಿನ್‌ಗಳು ಇದನ್ನು ಕಡಿಮೆ ಮಾಡುವುದಿಲ್ಲ.

ಮುಂದಿನ ವಾರ ಅದೇ ಪಾಠವನ್ನು ಪೂರ್ತಿ ಮಾಡಲಿದ್ದೇವೆ. ಮನೆಯಲ್ಲಿರುವ ಖಾಲಿ ಡಬ್ಬಿಯೊಂದನ್ನು ಮಗುವಿನ ಕೈಯಲ್ಲಿ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಬಣ್ಣ ಅಥವಾ ಗ್ಲುಟೆನ್ ಒಗ್ಗದ ಮಕ್ಕಳಿದ್ದರೆ ದಯವಿಟ್ಟು ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ